ಅಸಲು ದರದ ಊಟ

ಸೌಟಕ್ಕನ ತಮ್ಮ ಅವಳ ಅಡುಗೆಮನೆಗೆ ಬರುವವನಲ್ಲ. ಬಂದರೂ ಷರಟಿಗೆ ಎಲ್ಲಿ ಎಣ್ಣೆಯ ವಾಸನೆ ಹತ್ತೀತೋ ಎಂದು ಬಾಗಿಲಲ್ಲೇ ನಿಂತು ಎರಡು ಮಾತಾಡಿ ಹೋಗಿಬಿಡುತ್ತಿದ್ದ. ಆ ದಿನ ಮಾತ್ರ ಒಳಗೆ ಬಂದ. ಈರುಳ್ಳಿ ಮೂಟೆಯ ಪಕ್ಕದ ಸ್ಟೂಲು ಎಳೆದುಕೊಂಡು ಕೂತ. ಕೊಟ್ಟ ಚಹಾವನ್ನು ಪೂರ್ತಿ ಕುಡಿದ. ಲೋಟ ಕೆಳಗಿಡುವ ಹೊತ್ತಿಗೆ, ಇವನು ಸುಮ್ಮನೆ ಬಂದಿಲ್ಲ ಎಂದು ಅವಳಿಗೆ ಗೊತ್ತಾಗಿಹೋಗಿತ್ತು.

"ಮಗಳ ಮದುವೆ ನಿಶ್ಚಯ ಆಯ್ತು ಅಕ್ಕ," ಅಂದ. "ಊಟ ನೀನೇ ಮಾಡಬೇಕು. ಬೇರೆಯವರ ಕೈಗೆ ಕೊಡೋಕೆ ನನಗೆ ಮನಸ್ಸಿಲ್ಲ."

ಸೌಟಕ್ಕ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ನಿಂತವಳು ಒರೆಸಿಕೊಳ್ಳುತ್ತಲೇ ಇದ್ದಳು. ಅವಳಿಗೆ ಮಕ್ಕಳಿಲ್ಲ. ತಮ್ಮನೂ ಅವನ ಹೆಂಡತಿಯೂ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಆ ಹುಡುಗಿ ಶಾಲೆ ಬಿಟ್ಟ ಮೇಲೆ ಬರುತ್ತಿದ್ದದ್ದು ಈ ಅಡುಗೆಮನೆಗೇ. ಅಕ್ಕಿ ಮೂಟೆಯ ಮೇಲೆ ಕೂತು ಮಗ್ಗಿ ಬಾಯಿಪಾಠ ಮಾಡಿದ್ದು, ಬಟಾಣಿ ಸುಲಿಯುತ್ತ ಅರ್ಧ ತಿಂದು ಬೈಸಿಕೊಂಡಿದ್ದು ಎಲ್ಲ ಇಲ್ಲೇ.

"ನೀನು ಹೇಳದಿದ್ದರೂ ನಾನೇ ಮಾಡ್ತಿದ್ದೆ," ಅಂದಳು.

ಸೌಟಕ್ಕ ಅನ್ನುವುದು ತರಕಾರಿ ಮಂಡಿಯವರು ಇಟ್ಟ ಹೆಸರು. ಯಾವ ಊಟಕ್ಕೆ ಹೋದರೂ ಅವಳು ತನ್ನದೇ ಸೌಟು ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಆಫೀಸುಗಳಿಗೆ ಡಬ್ಬಿ ಕಟ್ಟಿ ಕಳಿಸುವುದರಿಂದ ಶುರುಮಾಡಿ, ಈಗ ಮುದ್ರಣಾಲಯದ ಹಿಂದಿನ ತಗಡಿನ ಶೆಡ್ಡಿನಲ್ಲಿ ಮೂರು ದೊಡ್ಡ ಒಲೆ ಇಟ್ಟುಕೊಂಡು ಮದುವೆ, ಶಾಲೆಯ ವಾರ್ಷಿಕೋತ್ಸವ, ಮೀಟಿಂಗು ಎಂದು ಊಟ ಒದಗಿಸುತ್ತಿದ್ದಳು. ಶೆಡ್ಡಿನ ಹಿಂದಿದ್ದ ಸಾಲು ಕೋಣೆಗಳಲ್ಲಿ ಅವಳ ಆಳುಗಳೇ ಬಾಡಿಗೆಗಿದ್ದರು.

ತಮ್ಮ ಒಂದು ದೊಡ್ಡ ಕಾರ್ಖಾನೆಯ ಖರೀದಿ ವಿಭಾಗದ ಮ್ಯಾನೇಜರು. ಒಂದು ಪೊರಕೆ ಬೇಕಾದರೂ ಮೂರು ಕಡೆಯಿಂದ ದರ ತರಿಸುವ ಮನುಷ್ಯ. ಆಫೀಸಿನಲ್ಲಿ ಅವನಿಗೆ 'ಮೂರು ಕೊಟೇಶನ್' ಎಂದೇ ಹೆಸರು. ಅದನ್ನು ಮನೆಯಲ್ಲಿ ಅವನೇ ಹೇಳಿಕೊಂಡು ನಗುತ್ತಿದ್ದ.

"ಎಷ್ಟು ಜನ?" ಎಂದು ಕೇಳಿದಳು.

"ನಾನೂರು."

"ಕರೆಯೋದು ನಾನೂರು ಜನಾನೋ, ಬರೋದು ನಾನೂರು ಜನಾನೋ?"

"ಎರಡೂ ಒಂದೇ ಅಲ್ವಾ?"

"ಸಂಜೆ ಊಟ ಕಣೋ. ಒಬ್ಬರಿಗೆ ಕಾರ್ಡ್ ಕೊಟ್ಟರೆ ಮಕ್ಕಳು, ಪಕ್ಕದ ಮನೆಯವರು ಎಲ್ಲ ಬರ್ತಾರೆ. ಫೋಟೊ ತೆಗೆಯೋರು, ಲೈಟಿನವರು, ಕಾರು ಓಡಿಸೋರು, ಇವರಿಗೆಲ್ಲ ಹಸಿವಾಗಲ್ವಾ? ನಾನು ನಾನೂರೈವತ್ತಕ್ಕೆ ಲೆಕ್ಕ ಹಾಕ್ತೀನಿ."

"ಹಾಕು. ಆದರೆ ತಟ್ಟೆಗೆ ಇಷ್ಟು ಅಂತ ಒಂದೇ ಮಾತಲ್ಲಿ ಬರೀಬೇಡ. ಬಿಡಿಬಿಡಿಯಾಗಿ ಬರೆದುಕೊಡು. ಅಕ್ಕಿ ಎಷ್ಟು, ಕೋಳಿ ಎಷ್ಟು, ಎಣ್ಣೆ ಎಷ್ಟು, ಆಳು ಎಷ್ಟು. ಗಂಡಿನ ಕಡೆಯವರು ಅರ್ಧ ಖರ್ಚು ಹಾಕ್ತಾರಂತೆ, ಅವರಿಗೆ ತೋರಿಸಬೇಕು."

ಅವನು ಹೋದ ಮೇಲೆ ಅವಳು ಪೆನ್ನು ಹಿಡಿದು ಕೂತಳು. ಊಟದ ಖರ್ಚು ಅಂದಾಜು ಮಾಡುವುದು ಅವಳಿಗೆ ಕರಗತವಾಗಿತ್ತು. ದಿನಸಿ ಅರ್ಧ ಭಾಗ, ಉಳಿದರ್ಧ ಕಣ್ಣಿಗೆ ಕಾಣದ್ದು. ಪಾತ್ರೆಯ ಬಾಡಿಗೆ, ಗ್ಯಾಸು, ಲಾರಿ, ಐಸು, ಬಡಿಸುವವರು, ತೊಳೆಯುವವರು, ಒಡೆಯುವ ಗ್ಲಾಸುಗಳು, ಆಳುಗಳ ಊಟ. ಹೊಸಬರು ಇವನ್ನೆಲ್ಲ ಮರೆತು ಕೈ ಸುಟ್ಟುಕೊಳ್ಳುತ್ತಾರೆ. ಸಂಜೆಯ ಊಟದಲ್ಲಿ ಅನ್ನ ಉಳಿಯುತ್ತದೆ, ಕೋಳಿ ಉಳಿಯುವುದಿಲ್ಲ. ಬಿಸಿಲಿನ ದಿನವಾದರೆ ಸೂಪು ಹಾಗೇ ಉಳಿದು, ತಣ್ಣಗಿನದಕ್ಕೆ ಎಲ್ಲರೂ ಮುಗಿಬೀಳುತ್ತಾರೆ. ಇದೆಲ್ಲ ಅವಳು ಹತ್ತಾರು ವರ್ಷ ನಷ್ಟ ಮಾಡಿಕೊಂಡು ಕಲಿತದ್ದು. ಬೇರೆ ಗಿರಾಕಿಗಳಿಗಾದರೆ ಎಲ್ಲ ಸೇರಿಸಿ, ಅದರ ಮೇಲೆ ತನ್ನ ಕೂಲಿ, ಲಾಭ ಹಾಕಿ ತಟ್ಟೆಗೆ ಇಷ್ಟು ಎಂದು ಹೇಳುತ್ತಿದ್ದಳು. ಈ ಸಲ ಕೊನೆಯ ಆ ಎರಡು ಸಾಲನ್ನು ಬರೆಯಲೇ ಇಲ್ಲ.

ಅವಳ ಜೊತೆ ಮೊದಲಿನಿಂದ ಇದ್ದ ಮುಖ್ಯ ಅಡುಗೆಯವನನ್ನು ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದರು. ಅವನು ಬೆಳ್ಳುಳ್ಳಿ ಬಿಡಿಸುತ್ತ ಅವಳ ಕಾಗದದ ಕಡೆ ನೋಡಿದ.

"ಬಿಡಿ ಲೆಕ್ಕ ಹೊರಗೆ ಕೊಡಬಾರದು ತಾಯಿ."

"ಹೊರಗಿನವರಿಗೆ ಎಲ್ಲಿ ಕೊಡ್ತಿದ್ದೀನಿ? ನನ್ನ ತಮ್ಮನಿಗೆ."

"ಆದ್ರೂ ಒಂಚೂರು ಮಡಗಿಕೊಳ್ಳಿ. ಎಣ್ಣೆ ರೇಟು ಏರಿದರೆ ನಿಮ್ಮ ಕೈಯಿಂದ ಹೋಗತ್ತೆ."

"ಹೋದರೆ ಹೋಗಲಿ ಮೇಸ್ತ್ರಿ. ನಾನು ಬೇರೆ ಏನು ಉಡುಗೊರೆ ಕೊಡ್ತೀನಿ ಅವಳಿಗೆ?"

ಅದೇ ವಾರ ಅವಳ ಹಳೆಯ ಗಿರಾಕಿಯಾದ ಶಾಲೆಯವರು ಫೋನ್ ಮಾಡಿದರು. ವಾರ್ಷಿಕೋತ್ಸವದ ಊಟ, ಮದುವೆಯ ದಿನವೇ. ಸೌಟಕ್ಕ ಈ ವರ್ಷ ಆಗುವುದಿಲ್ಲ ಎಂದು ಹೇಳಿ, ಬೇರೊಬ್ಬರ ನಂಬರನ್ನು ತಾನೇ ಕೊಟ್ಟಳು.

ತಮ್ಮ ಎರಡನೇ ಸಲ ಬಂದಾಗ ಪಟ್ಟಿಯ ಮೇಲೆ ಪೆನ್ನು ಆಡಿಸುತ್ತ ಒಂದೊಂದು ಬಾಬ್ತಿಗೂ ಕಾರಣ ಕೇಳಿದ. ಒಬ್ಬರಿಗೆ ಇಷ್ಟು ಮೀನು ಯಾಕೆ, ಬೇರೆ ಮೀನಾದರೆ ಎಷ್ಟು ಉಳಿಯುತ್ತದೆ, ಬಡಿಸುವವರು ಅಷ್ಟು ಜನ ಬೇಕೇ, ಪಾತ್ರೆಯವನು ದಿನಕ್ಕೆ ಏನು ತೆಗೆದುಕೊಳ್ಳುತ್ತಾನೆ. ತನ್ನ ಕೆಲಸದ ಬಗ್ಗೆ ಅವನು ಇಷ್ಟು ಆಸಕ್ತಿ ತೋರಿಸಿದ್ದು ಅದೇ ಮೊದಲು. ಅವಳು ಉತ್ಸಾಹದಿಂದ ಎಲ್ಲ ಬಿಡಿಸಿ ಹೇಳಿದಳು. ಅವನು ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಗುರುತು ಹಾಕಿಕೊಂಡ.

"ಇದರಲ್ಲಿ ನಿನ್ನ ಲಾಭ ಎಲ್ಲಿದೆ?"

"ಇಲ್ಲ."

"ಇಲ್ಲವೇ ಇಲ್ವಾ?"

"ಅವಳ ಮದುವೆ ಊಟದಲ್ಲಿ ನಾನು ಲಾಭ ಹೊಡೀಲಾ?"

ಅವನು ಅವಳ ಮುಖವನ್ನು ಒಂದು ಗಳಿಗೆ ನೋಡಿ, ಕಾಗದ ಮಡಚಿ ಜೇಬಿಗೆ ಹಾಕಿಕೊಂಡ. "ಸರಿ ಹಾಗಾದ್ರೆ," ಅಂದ.

ಒಂದು ದಿನ ಹುಡುಗಿಯೂ ಬಂದಳು. ಸೌಟಕ್ಕ ಕೆನೆ ಹಾಕಿದ ಕೋಳಿ, ನಿಂಬೆ ಹಿಂಡಿದ ಮೀನು, ಅನಾನಸ್ ಪುಡ್ಡಿಂಗು ಸ್ವಲ್ಪ ಸ್ವಲ್ಪ ಮಾಡಿಟ್ಟಿದ್ದಳು. ಹುಡುಗಿ ತಟ್ಟೆ ಮುಟ್ಟದೆ ಪಾತ್ರೆಯಿಂದಲೇ ಚಮಚದಲ್ಲಿ ತೆಗೆದು ತಿಂದಳು.

"ಅತ್ತೆ, ಮೀನು ಇದೇ ಥರ ಇರಲಿ. ಅವರ ಮನೇಲಿ ಅಡುಗೆ ಅಂದರೆ ಉಪ್ಪೂ ಇಲ್ಲ, ಖಾರಾನೂ ಇಲ್ಲ. ಇದೊಂದು ಸಲ ತಿನ್ನಲಿ."

"ಆಮೇಲೆ ನಿನ್ನನ್ನೇ ದಿನಾ ಮಾಡು ಅಂತಾರೆ ನೋಡು."

"ಮಾಡಲ್ಲ. ನಿಮ್ಮ ಹತ್ರ ಆರ್ಡರ್ ಕೊಡ್ತೀನಿ," ಎಂದು ನಕ್ಕು ಚಮಚ ನೆಕ್ಕಿದಳು.

ಅದಾದ ಮೇಲೆ ತಮ್ಮನಿಂದ ಸುದ್ದಿಯಿಲ್ಲ. ಮುಂಗಡವನ್ನು ಅವಳು ಕೇಳಲೂ ಇಲ್ಲ. ಮದುವೆಗೆ ಮೂರು ವಾರ ಇದೆ ಎನ್ನುವಾಗ ಪಾತ್ರೆಗಳನ್ನು ಹಿಡಿದಿಡಲು ಹೇಳೋಣವೆಂದು ಬಾಡಿಗೆ ಪಾತ್ರೆಯ ಅಂಗಡಿಗೆ ಹೋದಳು. ಅಂಗಡಿಯವನು ದಿನಾಂಕ ನೋಡಿ ಹುಬ್ಬೇರಿಸಿದ.

"ಆ ದಿನ ನಿಮಗೂ ಕೆಲಸ ಇದೆಯಾ? ನಿಮ್ಮ ತಮ್ಮನವರ ಮನೆ ಮದುವೆ ಅಲ್ವಾ ಅವತ್ತು?"

"ಅದಕ್ಕೇ ಕಣಪ್ಪ."

"ಆ ಮದುವೆಯ ಊಟ ಟೈ ಸಾಹೇಬರದು ಅಂದರಲ್ಲ. ಅವರ ಹುಡುಗ ನಿನ್ನೆ ಬಂದು ಎಲ್ಲ ಬರೆಸಿ ಹೋದ. ನಾನು ನೀವೇ ಬೇಡ ಅಂದಿರಬೇಕು ಅಂದ್ಕೊಂಡೆ."

ಟೈ ಸಾಹೇಬ ಅಂದರೆ ಊರಿನ ದೊಡ್ಡ ಊಟದ ಕಂಟ್ರಾಕ್ಟರು. ಎಂಥ ಸೆಕೆಯಲ್ಲೂ ಟೈ ಬಿಚ್ಚದವನು. ಸೌಟಕ್ಕ ಅಲ್ಲಿಂದ ನೇರ ತಮ್ಮನ ಮನೆಗೆ ಹೋದಳು.

ಅವನು ಹಜಾರದಲ್ಲಿ ಮದುವೆಯ ಕಾರ್ಡುಗಳಿಗೆ ವಿಳಾಸ ಬರೆಯುತ್ತಿದ್ದ. ಅವಳನ್ನು ನೋಡಿ ಪೆನ್ನಿನ ಮುಚ್ಚಳ ಹಾಕಿದ.

"ನಿನಗೆ ಹೇಳಬೇಕು ಅಂತಲೇ ಇದ್ದೆ," ಅಂದ.

"ಯಾವಾಗ? ಊಟ ಆದಮೇಲಾ?"

"ಕೂತ್ಕೋ ಅಕ್ಕ. ಸಿಟ್ಟು ಮಾಡಿಕೊಳ್ಳದೆ ಯೋಚನೆ ಮಾಡು. ಹುಡುಗಿಯ ಸ್ವಂತ ಅತ್ತೆ ಆ ದಿನ ಒಲೆ ಮುಂದೆ ಬೆವರು ಒರೆಸಿಕೊಂಡು ನಿಂತಿದ್ದರೆ ಗಂಡಿನ ಕಡೆಯವರು ಏನಂದುಕೊಳ್ತಾರೆ? ನೀನು ಅವತ್ತು ಮೊದಲನೇ ಸಾಲಲ್ಲಿ ಕೂರಬೇಕು. ದಣೀಬಾರದು."

"ನನ್ನ ಪಟ್ಟಿ ಏನು ಮಾಡಿದೆ?"

ಅವನು ಪೆನ್ನು ಬದಿಗಿಟ್ಟ. ಆಮೇಲೆ, ಕಸುಬಿನ ಹೆಮ್ಮೆ ತಡೆಯಲಾಗಲಿಲ್ಲವೋ ಏನೋ, ಮುಂದಕ್ಕೆ ಬಾಗಿ ಹೇಳತೊಡಗಿದ. "ಟೈ ಸಾಹೇಬ ಮೊದಲು ಹೇಳಿದ ದರ ಕೇಳಿದ್ದರೆ ನೀನು ಬಿದ್ದುಬಿಡ್ತಿದ್ದೆ. ನಾನು ನಿನ್ನ ಪಟ್ಟಿ ಅವನ ಮುಂದೆ ಇಟ್ಟೆ. ಕೋಳಿಗೆ ಇಷ್ಟು ಬೀಳತ್ತೆ, ನೀನು ಅಷ್ಟು ಯಾಕೆ ಹಾಕ್ತೀಯ ಅಂತ ಒಂದೊಂದೇ ಕೇಳ್ತಾ ಹೋದೆ. ಬಾಯಿ ಕಟ್ಟಿಹೋಯ್ತು ಅವನಿಗೆ. ಕೊನೆಗೆ ನಿನ್ನ ದರಕ್ಕೇ ಬಂದ. ಒಂಚೂರು ಕೆಳಗೇ ಬಂದ ಅನ್ನು."

"ಅದು ದರ ಅಲ್ಲ ಕಣೋ. ಅದು ಅಸಲು."

"ನಮಗೆ ಬೇಕಾಗಿದ್ದೂ ಅದೇ ತಾನೇ."

"ಅಷ್ಟಕ್ಕೆ ಯಾರೂ ಊಟ ಹಾಕಲ್ಲ. ಅವನು ಎಲ್ಲಾದರೂ ಒಂದು ಕಡೆ ಕತ್ತರಿ ಆಡಿಸ್ತಾನೆ. ಎಷ್ಟು ಜನಕ್ಕೆ ಹೇಳಿದೀಯ?"

"ನಾನೂರಕ್ಕೆ. ನಿನ್ನ ಐವತ್ತು ತೆಗೆಸಿದೆ."

"ಸಾಕಾಗಲ್ಲ."

"ಎಲ್ಲ ಬರೆಸಿಕೊಂಡಿದ್ದೀನಿ ಅಕ್ಕ. ಕಡಿಮೆ ಬಿದ್ದರೆ ಅವನ ತಲೆನೋವು."

ಒಳಗಿನ ಕೋಣೆಯಿಂದ ಅವರ ಅಮ್ಮ ಕೆಮ್ಮಿದ ಸದ್ದು ಕೇಳಿತು. ಬಾಗಿಲು ಅರ್ಧ ತೆರೆದಿತ್ತು, ಅಮ್ಮ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಹೊರಗೆ ಬರಲಿಲ್ಲ.

"ಹುಡುಗಿಗೆ ಏನು ಹೇಳಿದೆ?" ಎಂದು ಸೌಟಕ್ಕ ಕೇಳಿದಳು.

"ಅವತ್ತು ನಿನಗೆ ಬೇರೆ ಆರ್ಡರ್ ಇದೆ, ಬಿಡೋಕಾಗಲ್ಲ ಅಂತ."

ಅವಳು ಎದ್ದು ಬಂದುಬಿಟ್ಟಳು. ದಾರಿಯಲ್ಲೇ ಶಾಲೆಗೆ ಫೋನ್ ಮಾಡಿದಳು. ಅವಳೇ ನಂಬರು ಕೊಟ್ಟ ಮನುಷ್ಯನಿಗೆ ಮುಂಗಡ ಸಂದಾಯವಾಗಿತ್ತು. ಸೀಜನ್ನಿನ ಆ ದಿನ ಅವಳ ಒಲೆ ತಣ್ಣಗಿರುವುದೆಂದು ನಿಶ್ಚಯವಾಯಿತು. ಮೇಸ್ತ್ರಿಗೆ ಹೇಳುವಾಗ ಅವಳು ಬೇಳೆ ಡಬ್ಬಿಗಳನ್ನು ಸುಮ್ಮಸುಮ್ಮನೆ ಸರಿಸುತ್ತಿದ್ದಳು. ಅವನು, ನಾನು ಆಗಲೇ ಹೇಳಲಿಲ್ಲವೇ ಎನ್ನಲಿಲ್ಲ. "ಹುಡುಗರಿಗೆ ನಾಳೆಯೇ ಹೇಳಿಬಿಡ್ತೀನಿ," ಎಂದಷ್ಟೇ ಅಂದ. "ಆ ದಿನಕ್ಕೆ ಬೇರೆ ಕಡೆ ಕೂಲಿ ಸಿಕ್ಕರೆ ನೋಡ್ಕೊಳ್ಳಲಿ." ಯಾರಿಗೂ ಸಿಗಲಿಲ್ಲ.

ಮದುವೆಗೆ ಹೋಗಬಾರದೆಂದು ಅವಳು ಎರಡು ಸಲ ನಿರ್ಧರಿಸಿ, ಎರಡು ಸಲವೂ ಹುಡುಗಿಯ ಮುಖ ನೆನೆದು ಮನಸ್ಸು ಬದಲಿಸಿದಳು. ಹೋದಳು. ತಮ್ಮ ಹೇಳಿದಂತೆ ಮೊದಲನೇ ಸಾಲಿನಲ್ಲಿ, ಅಮ್ಮನ ಪಕ್ಕ ಕೂತಳು. ಕೈಯಲ್ಲಿ ಏನೂ ಇಲ್ಲದೆ ಮದುವೆಯ ಹಾಲಿನಲ್ಲಿ ಕೂತು ಅವಳಿಗೆ ಅಭ್ಯಾಸವಿಲ್ಲ. ಕೈಗಳನ್ನು ಎಲ್ಲಿಡುವುದೆಂದೇ ತಿಳಿಯಲಿಲ್ಲ.

ಹಾಲಿನ ಒಂದು ಗೋಡೆಯುದ್ದಕ್ಕೂ ಬಿಳಿ ಬಟ್ಟೆ ಹಾಸಿದ ಮೇಜುಗಳಿದ್ದವು. ಊಟ ಶುರುವಾಗುವ ಮೊದಲೇ ಅವಳ ಕಣ್ಣು ಆ ಕಡೆ ಹೋಯಿತು. ತಟ್ಟೆಗಳು ವಾಡಿಕೆಯದ್ದಕ್ಕಿಂತ ಒಂದು ಸುತ್ತು ಚಿಕ್ಕವು. ಬ್ರೆಡ್ಡು, ಹಸಿ ತರಕಾರಿ ಸಾಲಿನ ಮೊದಲಿಗೇ ಇದ್ದವು, ಜನ ತಟ್ಟೆ ತುಂಬಿಸಿಕೊಳ್ಳಲಿ ಎಂದು. ಕೋಳಿ ಕಟ್ಟಕಡೆಯಲ್ಲಿ, ಅದರ ಹಿಂದೆ ಸೌಟು ಬಿಗಿಯಾಗಿ ಹಿಡಿದ ಒಬ್ಬ ಆಳು. ಮೀನಿನ ತುಂಡುಗಳು ಕಾಗದದಷ್ಟು ತೆಳ್ಳಗೆ. ಪಾತ್ರೆಗಳು ನೋಡಲು ದೊಡ್ಡವು, ಆದರೆ ಅವುಗಳ ತಳ ಮೇಲಕ್ಕೆ ಏರಿಸಿದ್ದೆಂದು ಅವಳಿಗೆ ಗೊತ್ತಿತ್ತು. ಹಾಲಿನ ಗಾಜಿನ ಬಾಗಿಲಲ್ಲಿ ಜನ ಬರುತ್ತಲೇ ಇದ್ದರು.

ಅವಳಿಗೆ ಒಳಗೊಳಗೇ ಒಂದು ಬಗೆಯ ಸುಖವಾಯಿತು. ಅದು ಯಾವ ಬಗೆಯ ಸುಖವೆಂದು ಅವಳಿಗೆ ತಿಳಿಯದೇ ಇರಲಿಲ್ಲ.

"ಏನೇ, ಆಗಿಂದ ಆ ಕಡೆಯೇ ನೋಡ್ತಿದ್ದೀಯ," ಅಂದಳು ಅಮ್ಮ.

"ಏನಿಲ್ಲ."

"ಊಟ ಸಾಕಾಗತ್ತೇನೇ?"

"ನನಗೇನಮ್ಮ ಗೊತ್ತು. ನಾನು ಬಂದಿರೋದು ಉಣ್ಣೋಕೆ."

ಅಮ್ಮ ಅವಳ ಮುಖ ನೋಡಿದಳು.

ಸಾಲಿನಲ್ಲಿ ಮೊದಲು ನಿಂತವರಿಗೆ ಎಲ್ಲ ಸಿಕ್ಕಿತು. ಸೌಟಕ್ಕನ ತಟ್ಟೆಗೂ ಮೀನು ಬಂತು. ಅವಳು ತಿನ್ನುತ್ತಿರುವಾಗಲೇ ಟೈ ಸಾಹೇಬ ಗೋಡೆ ಬದಿಯಿಂದ ನಡೆದು ಬಂದ. ಹಣೆ ಬೆವರಿತ್ತು. ಬಗ್ಗಿ, ಬೇರೆಯವರಿಗೆ ಕೇಳಿಸದಂತೆ ಮಾತಾಡಿದ.

"ಮೇಡಂ, ನಿಮ್ಮ ಅಡುಗೆಮನೆ ಇಲ್ಲಿಂದ ಎರಡು ಬೀದಿ ಆಚೆ ಅಂತ ಗೊತ್ತು. ಒಂದು ನೂರು ಜನಕ್ಕೆ ಅನ್ನ, ಜೊತೆಗೆ ಏನಾದರೂ ಒಂದು ಮಾಡಿಸಿಕೊಡ್ತೀರಾ? ದುಡ್ಡು ನೀವು ಹೇಳಿದಷ್ಟು. ನಿಮ್ಮ ತಮ್ಮ ನಾನೂರು ಅಂದಿದ್ದರು, ಆಗಲೇ ಅದು ದಾಟಿಹೋಗಿದೆ."

ಅವಳ ಶೆಡ್ಡಿನಲ್ಲಿ ಅಕ್ಕಿ ಮೂಟೆಯಿತ್ತು. ಮೊಟ್ಟೆಯ ಟ್ರೇಗಳಿದ್ದವು, ಆಲೂಗಡ್ಡೆಯಿತ್ತು. ಮೇಸ್ತ್ರಿ ಈಗ ತನ್ನ ಕೋಣೆಯ ಮೆಟ್ಟಿಲ ಮೇಲೆ ಕೂತಿರುತ್ತಾನೆ, ಮಿಕ್ಕವರೂ ಅಲ್ಲೇ ಇರುತ್ತಾರೆ. ಒಂದು ಫೋನು ಮಾಡಿದರೆ, ಗಂಟೆಯೊಳಗೆ ಬಿಸಿ ಅನ್ನ, ಮೊಟ್ಟೆಯ ಗ್ರೇವಿ ಈ ಬಾಗಿಲಲ್ಲಿ ಬಂದು ಇಳಿಯುತ್ತದೆ. ಅಷ್ಟನ್ನೂ ಅವಳು ಆ ಕ್ಷಣದಲ್ಲಿ ಲೆಕ್ಕ ಹಾಕಿದ್ದಳು.

"ನಮ್ಮ ಒಲೆ ಇವತ್ತು ಹಚ್ಚಿಲ್ಲ," ಅಂದಳು.

"ಹಚ್ಚಬಹುದಲ್ಲ ಮೇಡಂ."

"ಆಳುಗಳಿಗೆ ರಜೆ ಕೊಟ್ಟಿದ್ದೀನಿ."

ಅವನು ನೆಟ್ಟಗೆ ನಿಂತ. "ನಿಮ್ಮ ಪಟ್ಟಿ ನೋಡಿ ನಾನು ಈ ಕೆಲಸ ಹಿಡಿದೆ. ಅಷ್ಟಕ್ಕೆ ಹೇಗೆ ಮಾಡ್ತೀರಿ ಅಂತ ನಿಮ್ಮನ್ನೇ ಕೇಳಬೇಕು ಅಂತಿದ್ದೆ."

"ಸ್ವಂತ ತಮ್ಮನ ಮಗಳಿಗೆ ಮಾಡೋರು ಹಾಗೆ ಮಾಡಬಹುದು. ನೀವು ಯಾಕೆ ಒಪ್ಪಿಕೊಂಡ್ರಿ?"

"ಅವರ ಕಾರ್ಖಾನೆಯ ಕ್ಯಾಂಟೀನ್ ಕಂಟ್ರಾಕ್ಟು ಕೊಡಿಸ್ತೀನಿ ಅಂದರು," ಎಂದು ಹೇಳಿ ಟೈ ಸಾಹೇಬ ಹೊರಟುಹೋದ.

ಸ್ವಲ್ಪ ಹೊತ್ತಿನಲ್ಲೇ ಸಾಲು ಮುಂದೆ ಹೋಗುವುದು ನಿಂತಿತು. ಮೊದಲು ಮೀನು ಮುಗಿಯಿತು, ಆಮೇಲೆ ಕೋಳಿ. ಪಾತ್ರೆಯ ತಳಕ್ಕೆ ಸೌಟು ತಾಗುವ ಸದ್ದು ಸೌಟಕ್ಕನಿಗೆ ಕೂತಲ್ಲಿಗೇ ಕೇಳಿಸಿತು. ಇಡೀ ದಿನ ರೈಲಿನಲ್ಲಿ ಕೂತು ಬಂದಿದ್ದ ಮದುಮಗನ ಸೋದರಮಾವ ಎರಡು ತುಂಡು ಬ್ರೆಡ್ಡು, ನಾಲ್ಕು ಸೌತೆಕಾಯಿ ಹೋಳು ಇದ್ದ ತಟ್ಟೆ ಹಿಡಿದು ಮಧ್ಯದಲ್ಲೇ ನಿಂತಿದ್ದರು. ಅವರ ಹಿಂದೆ ಮಕ್ಕಳನ್ನು ಎತ್ತಿಕೊಂಡ ಹೆಂಗಸರು. ಯಾರೂ ಜೋರಾಗಿ ಮಾತಾಡಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುದುಕರೊಬ್ಬರು ಮಾತ್ರ, "ಫೋಟೊ ತೆಗೆಸಿಕೊಂಡಿದ್ದಾಯ್ತಲ್ಲ, ಹೋಟೆಲ್ಲಿಗೆ ಹೋಗೋಣ ನಡೀರಿ," ಅಂದರು. ಸುತ್ತಲಿದ್ದವರು ನಕ್ಕರು. ಆ ನಗೆ ಕೇಳಿ ಮದುವೆಯ ವೇದಿಕೆಯಿಂದ ತಮ್ಮ ಇಳಿದು ಓಡಿಬಂದ.

"ಏನ್ರೀ ಇದು?" ಎಂದು ಟೈ ಸಾಹೇಬನನ್ನು ತಡೆದ. "ಬರೆದುಕೊಟ್ಟಿದ್ದೀರಲ್ಲ ನೀವು?"

"ನೀವು ಹೇಳಿದ ಜನಕ್ಕೆ ಮಾಡಿದ್ದೀನಿ ಸರ್. ಮೇಲೆ ಬಂದವರಿಗೂ ಏರ್ಪಾಡು ಮಾಡೋಕೆ ನೋಡಿದೆ. ನಿಮ್ಮ ಅಕ್ಕನವರನ್ನೇ ಕೇಳಿದೆ. ಆಗಲ್ಲ ಅಂದುಬಿಟ್ಟರು."

ಟೈ ಸಾಹೇಬ ಬೇಕೆಂದೇ ಗಟ್ಟಿಯಾಗಿ ಹೇಳಿದ್ದ. ನಿಂತವರೆಲ್ಲ ಸೌಟಕ್ಕನ ಕಡೆ ತಿರುಗಿದರು. ಅವಳ ಮುಂದಿನ ತಟ್ಟೆಯಲ್ಲಿ ಮೀನಿನ ಮುಳ್ಳು ಇನ್ನೂ ಇತ್ತು. ತಮ್ಮನ ಮುಖದ ಮೇಲೆ ಸಿಟ್ಟು ಬರುತ್ತದೆಂದು ಅವಳು ಕಾದಳು. ಸಿಟ್ಟು ಬರುವ ಮೊದಲು ಬಂದದ್ದು ನಿರಾಳ. ತಲೆ ಮೇಲಿನ ಹೊರೆ ಇಳಿಸಲು ಜಾಗ ಸಿಕ್ಕವನ ಮುಖ ಅದು. ಅವನು ಬೀಗರ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, "ನೋಡಿ, ಒಡಹುಟ್ಟಿದವರೇ ಹೀಗೆ ಮಾಡಿದರೆ ಹೊರಗಿನವರಿಗೆ ಏನು ಹೇಳೋಣ," ಅಂದ.

ಅವಳು ಎದ್ದು ನಿಂತಳು. ಪಟ್ಟಿಯ ಕತೆ, ಅಸಲಿನ ಕತೆ, ತೆಗೆಸಿದ ಐವತ್ತರ ಕತೆ ಎಲ್ಲ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಹುಡುಗಿ ಮದುವೆಯ ಬಟ್ಟೆಯ ಅಂಚು ಎತ್ತಿಹಿಡಿದು ಅವಳ ಮುಂದೆ ಬಂದು ನಿಂತಿದ್ದಳು.

"ಅತ್ತೆ, ಅವರು ಹೇಳಿದ್ದು ನಿಜವಾ?"

"ನಿಜ."

"ಸಾಕಾಗಲ್ಲ ಅಂತ ನಿಮಗೆ ಮೊದಲೇ ಗೊತ್ತಾಗಿತ್ತಾ?"

"ಗೊತ್ತಾಗಿತ್ತು."

ಈ ಹುಡುಗಿಗೆ, ಇಷ್ಟು ಜನರ ನಡುವೆ, ನಿನ್ನ ಅಪ್ಪ ಇಂಥವನು ಎಂದು ಹೇಳುವುದು ಹೇಗೆ? ಹುಡುಗಿಯ ಬಣ್ಣ ಹಚ್ಚಿದ ಮುಖದಲ್ಲಿ ಕಣ್ಣುಗಳು ಮಾತ್ರ ಸೋತಿದ್ದವು.

"ನಾನೂ ಇನ್ನೂ ಊಟ ಮಾಡಿಲ್ಲ," ಅಂದಳು. ದೂರುವ ಧ್ವನಿಯಲ್ಲಿ ಅಲ್ಲ, ಸುಮ್ಮನೆ ತಿಳಿಸುವಂತೆ. ಆಮೇಲೆ ತಿರುಗಿ ಹೋದಳು.

ಹೋಟೆಲಿನಿಂದ ಪೊಟ್ಟಣಗಳು ಬರುವ ಹೊತ್ತಿಗೆ ಅರ್ಧ ಜನ ಹೊರಟುಹೋಗಿದ್ದರು. ಸೌಟಕ್ಕ ಅದಕ್ಕೂ ಮೊದಲೇ ಹಿಂದಿನ ಬಾಗಿಲಿನಿಂದ ಹೊರಗೆ ಬಂದಿದ್ದಳು.

ಆ ಊಟದಿಂದ ನಷ್ಟವಾಗದೇ ಉಳಿದವನು ತಮ್ಮನೊಬ್ಬನೇ. ಊಟ ಕಡಿಮೆ ಬಿದ್ದು ಮಾನ ಹೋಯಿತೆಂದು ಟೈ ಸಾಹೇಬನ ಬಿಲ್ಲಿನಲ್ಲಿ ದೊಡ್ಡ ಪಾಲನ್ನು ಹಿಡಿದುಕೊಂಡ. ಅದನ್ನೂ ಆಫೀಸಿನಲ್ಲಿ ಹೇಳಿಕೊಂಡನಂತೆ. ಕ್ಯಾಂಟೀನು ಬೇರೆ ಯಾರಿಗೋ ಹೋಯಿತು. ನೆಂಟರ ಬಾಯಲ್ಲಿ ಮಾತ್ರ, ಹೊಟ್ಟೆಕಿಚ್ಚಿಗೆ ತಮ್ಮನ ಮಗಳ ಮದುವೆಯ ಊಟ ಕೆಡಿಸಿದವಳು ಎಂದು ಸೌಟಕ್ಕನ ಹೆಸರೇ ಉಳಿಯಿತು.

ಅಮ್ಮ ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ ಫೋನ್ ಮಾಡಿದಳು.

"ತಪ್ಪು ಅವನದ್ದು ಅಂತ ನನಗೆ ಗೊತ್ತು ಕಣೇ. ಅವತ್ತು ಬಾಗಿಲ ಹಿಂದೆ ಎಲ್ಲ ಕೇಳಿಸಿಕೊಂಡೆ."

"ಹಾಗಾದರೆ ಅದನ್ನ ಅಲ್ಲೇ ಹೇಳಬಹುದಿತ್ತಲ್ಲಮ್ಮ, ಹಾಲಲ್ಲಿ."

"ನಾನಿರೋದು ಅವನ ಮನೇಲಿ," ಅಂದಳು ಅಮ್ಮ. "ಆದ್ರೂ ನೀನು ಎದ್ದು ಹೋಗಿ ಒಲೆ ಹಚ್ಚಿದ್ದರೆ ಆಗ್ತಿತ್ತು."

ಮೇಸ್ತ್ರಿಗೆ ವಿಷಯ ತಿಳಿದದ್ದು ಪಾತ್ರೆ ಅಂಗಡಿಯವನಿಂದ. ಮೂರನೇ ದಿನ ಒಲೆಯ ಮುಂದೆ ನಿಂತು, ಅವಳ ಕಡೆ ತಿರುಗದೆ, "ಕರೆದಿದ್ದರೆ ಬರ್ತಿದ್ವಲ್ಲ ತಾಯಿ," ಅಂದ.

"ಬಂದು ಯಾರಿಗೆ ಮಾಡೋದು? ಆ ಟೈ ಸಾಹೇಬನ ಮಾನ ಉಳಿಸೋಕಾ?"

"ಹಸಿದು ನಿಂತಿದ್ದರಲ್ಲ, ಅವರಿಗೆ." ಅವನು ಬೆಂಕಿ ತಗ್ಗಿಸಿದ. "ಇಲ್ಲಿ ನಾವೂ ಸುಮ್ಮನೆ ಗೋಡೆ ನೋಡಿಕೊಂಡು ಕೂತಿದ್ವಿ. ಹುಡುಗರಿಗೆ ಆ ದಿನದ ಕೂಲಿಯಾದರೂ ಆಗ್ತಿತ್ತು."

ಆ ವಾರ ಸಂಬಳ ಕೊಡುವಾಗ ಅವಳು ಎಲ್ಲರಿಗೂ ಒಂದು ದಿನದ ಕೂಲಿ ಹೆಚ್ಚಿಗೆ ಸೇರಿಸಿ ಕೊಟ್ಟಳು. ಮೇಸ್ತ್ರಿ ಬೇಡ ಅನ್ನುತ್ತಾನೆ ಎಂದುಕೊಂಡಿದ್ದಳು. ಅವನು ತೆಗೆದುಕೊಂಡು ಎಣಿಸಿ ಜೇಬಿಗೆ ಹಾಕಿಕೊಂಡ.

ಹುಡುಗಿ ಅವಳಿಗೆ ಸಿಕ್ಕಿದ್ದು ಎರಡು ತಿಂಗಳ ಮೇಲೆ, ಮಾರುಕಟ್ಟೆಯ ಹೊರಗಿನ ಬಸ್ ನಿಲ್ದಾಣದಲ್ಲಿ. ಕೈಯಲ್ಲಿ ತರಕಾರಿ ಚೀಲವಿತ್ತು, ತುಸು ತೆಳ್ಳಗಾಗಿದ್ದಳು. ನೋಡಿಯೂ ನೋಡದಂತೆ ಹೋಗಿಬಿಡಬಹುದಿತ್ತು, ಹೋಗಲಿಲ್ಲ. "ಚೆನ್ನಾಗಿದ್ದೀರಾ ಅತ್ತೆ?" ಎಂದು ಕೇಳಿ ನಿಂತಳು.

ಸೌಟಕ್ಕ ಅಷ್ಟು ದಿನ ಒಳಗೇ ಇಟ್ಟುಕೊಂಡಿದ್ದನ್ನೆಲ್ಲ ಅಲ್ಲೇ, ಬಸ್ಸಿನ ಗದ್ದಲದ ನಡುವೆಯೇ ಹೇಳತೊಡಗಿದಳು. ನನಗೆ ಬೇರೆ ಆರ್ಡರ್ ಇರಲಿಲ್ಲ, ನಿನ್ನ ಮದುವೆಗೆಂದೇ ಶಾಲೆಯವರ ಆರ್ಡರನ್ನೂ ಬಿಟ್ಟಿದ್ದೆ, ಒಂದು ಬಿಡಿಗಾಸು ಲಾಭವಿಲ್ಲದೆ ಪಟ್ಟಿ ಬರೆದುಕೊಟ್ಟಿದ್ದೆ, ನಿಮ್ಮಪ್ಪ ಅದನ್ನು ಒಯ್ದು... ಎಂದು ಹೇಳುತ್ತಿದ್ದಂತೆ ಹುಡುಗಿ ಕೈ ಅಡ್ಡ ಹಿಡಿದಳು.

"ಗೊತ್ತು ಅತ್ತೆ. ಅಪ್ಪನೇ ಹೇಳಿದ್ರು. ಟೈ ಸಾಹೇಬನ ದರ ಹೇಗೆ ಇಳಿಸಿದೆ ಅಂತ ನಮ್ಮ ಮಾವನ ಮುಂದೆ ಜಂಬ ಕೊಚ್ಚಿಕೊಳ್ತಿದ್ದರು. ನನಗೆ ಭೂಮಿಯೊಳಗೆ ಇಳಿದುಹೋಗೋಣ ಅನ್ನಿಸಿತು."

"ಗೊತ್ತಿದ್ದೂ ನೀನು ನನಗೆ ಒಂದು ಫೋನ್..."

"ಅಪ್ಪ ಮಾಡಿದ್ದು ನಿಮಗೆ," ಅಂದಳು ಹುಡುಗಿ. ಧ್ವನಿ ಏರಲಿಲ್ಲ. "ನೀವು ಮಾಡಿದ್ದು ನನಗೆ. ಇವತ್ತಿಗೂ ಆ ಮನೇಲಿ ಊಟಕ್ಕೆ ಕೂತಾಗ, ಎಲ್ಲರಿಗೂ ಸಾಕಾಗತ್ತಾ ನೋಡಮ್ಮ ಅಂತಾರೆ. ದಿನಾ ಅಂತಾರೆ."

ಬಸ್ಸು ಬಂತು. ಹುಡುಗಿ ಹತ್ತಿದಳು. ಕಿಟಕಿಯಿಂದ ಕೈ ಬೀಸಿದಳೋ ಇಲ್ಲವೋ, ನಡುವೆ ನಿಂತವರಿಂದ ಕಾಣಲಿಲ್ಲ.

ವರ್ಷದ ಕೊನೆಗೆ ಹುಡುಗಿಯೂ ಗಂಡನೂ ಬೇರೆ ಮನೆ ಮಾಡುತ್ತಿದ್ದಾರೆಂದು ಅಮ್ಮನಿಂದ ತಿಳಿಯಿತು. ಸಾಮಾನು ಸಾಗಿಸುವ ದಿನ ಅಡುಗೆಗೆ ಪುರುಸೊತ್ತಿರುವುದಿಲ್ಲ ಎಂದು ಸೌಟಕ್ಕ ನಿಂಬೆ ಹಿಂಡಿದ ಮೀನು, ಅನ್ನ, ಬಟಾಣಿ ಮಾಡಿ, ಉಪ್ಪನ್ನು ಎರಡು ಸಲ ನೋಡಿ, ದೊಡ್ಡ ಡಬ್ಬಿಗಳಲ್ಲಿ ತುಂಬಿ ತನ್ನ ವ್ಯಾನಿನಲ್ಲಿ ಕಳಿಸಿದಳು. ಡ್ರೈವರು ಸಂಜೆ ಬಂದ. ಡಬ್ಬಿಗಳನ್ನು ತೊಳೆದು, ಒರೆಸಿ, ಒಂದರೊಳಗೊಂದು ಜೋಡಿಸಿ ಕಳಿಸಿದ್ದರು.

"ಏನಾದರೂ ಹೇಳಿದಳಾ?" ಎಂದು ಕೇಳಿದಳು.

"ಬಿಲ್ಲು ಎಷ್ಟು ಅಂತ ಕೇಳಿದರು," ಅಂದ ಡ್ರೈವರು.